ಜಕ್ಕೂರಿನಿಂದ ಮೈಸೂರಿಗೆ, ಒಬ್ಬಳೇ

ಮುದ್ದಿನ ಮೋನಿಕಾ,

ನೀನೀಗ ಮೈಸೂರು ಬಿಟ್ಟು ಮತ್ತೆ ಆಕಾಶದಲ್ಲಿದ್ದೀಯ, ಫೋನ್ ಮಾಡಿದರೆ ಎತ್ತುವವಳಲ್ಲ. ಅದಕ್ಕೇ ತಾರಸಿಯ ಮೇಲೆ ಕೂತು ಬರೆಯುತ್ತಿದ್ದೇನೆ. ಕೆಳಗಿದ್ದರೆ ನಿನ್ನಪ್ಪ ಕಾರಿನ ಕೀ ಹಿಡಿದು ಓಡಾಡುವುದನ್ನು ನೋಡಬೇಕು, ನನ್ನಿಂದಾಗದು.

ಬೆಳಿಗ್ಗೆ ನಡೆದದ್ದು ನಿನಗೆ ಗೊತ್ತಿಲ್ಲ. ನೀನು ಮೊದಲ ಸಲ ಒಬ್ಬಳೇ ವಿಮಾನ ಹಾರಿಸಿಕೊಂಡು ಹೋಗುವ ದಿನ ಅಂತ ಅಜ್ಜಿ ಪೊರಕೆಯನ್ನೇ ಬಚ್ಚಿಟ್ಟರು. "ಊರಿಗೆ ಹೋದೋರು ಮುಟ್ಟೋಗಂಟ ಕಸ ಗುಡಿಸಬಾರ್ದು ಕಣೇ" ಅಂತ. ಸರಿ, ಯಾವಾಗ ಮುಟ್ಟುತ್ತೀಯ? ಫೋನಿನಲ್ಲಿ ಹುಡುಕಿದೆ. ಬೆಂಗಳೂರು, ಮೈಸೂರು ವಿಮಾನ ನಿಲ್ದಾಣಗಳ ನಡುವೆ ನೇರ ಗೆರೆ ಎಳೆದರೆ ನೂರೈವತ್ತು ಕಿಲೋಮೀಟರಿನ ಆಸುಪಾಸು, ಹಾರಾಟ ಅರ್ಧ ಗಂಟೆ. ಅಯ್ಯೋ, ಇಷ್ಟೇನಾ! ನಮಗೆ ಹೆಬ್ಬಾಳ ದಾಟುವುದಕ್ಕೇ ಅಷ್ಟು ಬೇಕು. ಅರ್ಧ ಗಂಟೆ ಆದದ್ದೇ ತಡ, ಪೊರಕೆ ಹುಡುಕಿ ನಡುಮನೆಯೆಲ್ಲ ಗುಡಿಸಿದೆ.

ಆಮೇಲೆ ಆ ಪುಟವನ್ನು ಪೂರ್ತಿ ಓದಿದರೆ, ಅದು ದೇವನಹಳ್ಳಿಯಿಂದ ಹೊರಡುವ ದೊಡ್ಡ ಜೆಟ್ಟಿನ ಲೆಕ್ಕ. ನಿನ್ನದೋ ನಮ್ಮ ಜಕ್ಕೂರಿನ ಹಾರಾಟ ಶಾಲೆಯ ಎರಡು ಸೀಟಿನ ಪುಟಾಣಿ! ಅಜ್ಜಿ ಬಿಡುತ್ತಾರಾ? "ಮಗು ಇನ್ನೂ ಗಾಳೀಲೈತೆ, ನೀನು ಮನೆ ಗುಡಿಸ್ಬಿಟ್ಟಿದೀಯ!" ಅಂತ ರೇಗಿ, ಕಸವನ್ನೆಲ್ಲ ಮೊರದಲ್ಲಿ ತಂದು ಮತ್ತೆ ನಡುಮನೆಗೇ ಸುರಿದರು. ನಗಬೇಡ. ನಾನೂ ಒಂದು ಹಿಡಿ ಹರಡಿದೆ.

ನೀನು ಹೊರಟು ಒಂದು ಗಂಟೆ ದಾಟಿತು, ನಿನ್ನ ಫೋನಿಲ್ಲ. ದೂರ ಅಷ್ಟೇ ಇರುವಾಗ ಹೊತ್ತು ಮಾತ್ರ ಎಲ್ಲಿ ಹಿಗ್ಗುತ್ತದೆ? ಎದುರು ಗಾಳಿಗೆ ವಿಮಾನವೂ ಸೈಕಲ್ಲಿನ ಹಾಗೆ ತಿಣುಕುತ್ತದಾ? ಮೋಡ ಅಡ್ಡ ಬಂದರೆ ಸುತ್ತಿಕೊಂಡು ಹೋಗುತ್ತೀಯಾ? ಅಲ್ಲಿಂದ ನಮ್ಮ ಕೆರೆ ಎಷ್ಟು ದೊಡ್ಡದು ಕಾಣುತ್ತದೆ? ಇಷ್ಟು ದಿನ ನಿನ್ನನ್ನು ಇದ್ಯಾವುದೂ ಕೇಳಲಿಲ್ಲವಲ್ಲ, ಬರೀ ಊಟ ಆಯ್ತಾ ಅಂತ ಕೇಳಿದ್ದೇ ಆಯಿತು.

ಕೊನೆಗೂ ಫೋನ್ ಬಂತು. "ಇಳಿದೆ ಅಮ್ಮಾ. ಎದುರು ಗಾಳಿ ಜೋರಿತ್ತು. ದಾರಿಯುದ್ದಕ್ಕೂ ಎತ್ತಿ ಕುಕ್ಕಿಬಿಡ್ತು." ನಿನ್ನಪ್ಪ ಫೋನ್ ಕಿತ್ತುಕೊಂಡು, "ವಿಮಾನ ಅಲ್ಲೇ ಬಿಡು, ಬೇರೆ ಯಾರಾದ್ರೂ ತರ್ತಾರೆ. ನಾನ್ ಕಾರಲ್ಲಿ ಬರ್ತೀನಿ" ಅಂದರು. ಸ್ಪೀಕರಿನಲ್ಲಿ ನೀನು, "ಅಮ್ಮ ಏನಂತಾಳೆ?" ಅಂದೆ.

ಕಾರಲ್ಲೇ ಬಾರೇ ಅನ್ನುವ ಮಾತು ನಾಲಿಗೆಯ ತುದಿಯಲ್ಲಿತ್ತು. ಬಾಯಿಂದ ಬಂದದ್ದು ಬೇರೆ. "ಬರೋವಾಗ ಗಾಳಿ ಯಾವ ಕಡೆ?" "ಬೆನ್ನಿಗೆ ಅಮ್ಮಾ." "ಹಂಗಾದ್ರೆ ಬೇಗ ಬರ್ತೀಯ, ಅಲ್ವಾ?" ನೀನು ನಕ್ಕೆ. ಆ ನಗು ಕೇಳಿ, "ಹಾರಿಸ್ಕೊಂಡೇ ಬಾ" ಅಂದುಬಿಟ್ಟೆ. ನಿನ್ನಪ್ಪ ಆಗಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದಾರೆ.

ಬಾ ಅಂದವಳು ನಾನು. ನೀನು ಇಳಿಯುವ ತನಕ ಈ ತಾರಸಿಯಿಂದ ನಾನೂ ಇಳಿಯುವುದಿಲ್ಲ. ಕೆರೆಯಾಚೆಯಿಂದ ಒಂದೊಂದೇ ವಿಮಾನ ಬರುತ್ತಿದೆ. ಇಷ್ಟು ದೂರದಿಂದ ಯಾವುದು ನಿನ್ನದು ಅಂತ ಹೇಗೆ ತಿಳಿಯಬೇಕು? ಎಲ್ಲದಕ್ಕೂ ಕೈ ಬೀಸುತ್ತಿದ್ದೇನೆ.

ಎಷ್ಟು ಬೇಕಾದರೂ ಹಾರು ಮಗಳೇ, ಪ್ರತಿ ಸಲವೂ ಸುಖವಾಗಿ ಇಳಿ.

ನಿನ್ನಮ್ಮ,
ಯಶೋಧಾ