ತಟ್ಟೆ ಹಿಡಿದವಳ ಮುಖ

ತಾರೀಖು ೧೪, ಬುಧವಾರ
ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ನಿನ್ನ ಗುಮ್ಮಿ ಮಾಡುವ ನಮಸ್ಕಾರಗಳು.

ಮೊದಲೇ ಹೇಳಿಬಿಡುತ್ತೇನೆ, ನನ್ನ ಅಕ್ಷರ ನೋಡಿ ನಗಬೇಡ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳ ಕೈ ಇದು. ಆಮೇಲೆ ಪೊರಕೆ ಹಿಡಿದದ್ದೇ ಹೆಚ್ಚು. ಒತ್ತಕ್ಷರ ಬಿಟ್ಟುಹೋಗಿದ್ದರೆ ನೀನೇ ಹಾಕಿಕೊಂಡು ಓದು. ಸಾಲು ಗುಡ್ಡ ಹತ್ತಿದ್ದರೆ ಕಾಗದವನ್ನು ಸ್ವಲ್ಪ ಓರೆ ಮಾಡಿಕೋ. ಉತ್ತರ ತಡವಾದದ್ದಕ್ಕೂ ಬೈಯಬೇಡ. ನಿನ್ನ ಪತ್ರವನ್ನು ನಿಮ್ಮ ಪಕ್ಕದ ಮನೆಯ ಅಜ್ಜಿ ತಂದುಕೊಟ್ಟು ಬಹಳ ದಿನವಾಯಿತು. ದಿನಾ ಬರೆಯಲು ಕೂರುವುದು, ‘ಪ್ರೀತಿಯ ಅಕ್ಕನಿಗೆ’ ಎಂದು ಬರೆಯುವುದು, ಮಡಚಿ ಇಡುವುದು, ಹೀಗೇ ಆಯಿತು. ಫೋನು ಮಾಡೋಣವೆಂದರೆ ನಿಮ್ಮ ಮನೆಯ ಫೋನು ಈಗ ಭಾವನ ಜೇಬಿನಲ್ಲೇ ಇರುತ್ತದೆ. ನೀನೇ ಎತ್ತಿಕೊಂಡರೂ ನನ್ನ ಬಾಯಿಗೆ ಬೀಗ ಬೀಳುತ್ತದೆ. ಗುಮ್ಮನಗುಸುಕಿ ಎಂದು ನೀನು ನನಗೆ ಸುಮ್ಮನೆ ಹೆಸರಿಟ್ಟೆಯಾ?

ಹೊಲಿಗೆ ಬಿಚ್ಚಿದ ಜಾಗ ಇನ್ನೂ ಜುಮ್ಮೆನ್ನುತ್ತದೆ ಎಂದು ಬರೆದಿದ್ದೀಯ. ಪಕ್ಕೆಲುಬಿನ ನಡುವೆ ಕೊಯ್ಯಿಸಿಕೊಂಡವರಿಗೆಲ್ಲ ಹಾಗೆಯೇ ಅಂತೆ, ಹೆದರಬೇಡ. ಮಗು ನಿನ್ನ ಪಕ್ಕದಲ್ಲಿ ಮಲಗಲು ಹೆದರುತ್ತಾಳೆ, ‘ಅಮ್ಮನ ದಾರ ಬಿಚ್ಚಿಹೋದ್ರೆ?’ ಅನ್ನುತ್ತಾಳೆ ಎಂದು ಓದಿ ನಗು ಬಂತು, ಆಮೇಲೆ ಅಳುವೂ ಬಂತು. ಆದರೆ ನೀನು ನಿಜವಾಗಿ ಕೇಳಿದ್ದು ಕೊನೆಯಲ್ಲಿ. ಆ ಸಾಲುಗಳು ನನಗೆ ಬಾಯಿಪಾಠವಾಗಿವೆ. ‘ಒಂದು ಲೋಟ ನೀರು ತಾನೇ ಬಗ್ಗಿಸಿಕೊಂಡು ಕುಡಿಯದ ಮನುಷ್ಯ ಈಗ ಪಾತ್ರೆ ತೊಳೀತಾರೆ ಕಣೇ. ನೆಲ ಒರೆಸ್ತಾರೆ. ನಾನು ಕೆಮ್ಮಿದ್ರೆ ಎದ್ದು ಕೂತ್ಕೋತಾರೆ. ಎಲ್ಲಾ ಒಳ್ಳೇದೇ ಆಗಿದ್ರೆ ಇವರು ಇಷ್ಟೊಂದು ಒಳ್ಳೆಯವರಾಗೋದು ಯಾಕೆ? ಆ ದಿನ ನೀನು ಒಳಗಿದ್ದವಳು. ನಿಜ ಹೇಳು.’

ಹೇಳುತ್ತೇನೆ ಅಕ್ಕ. ಆದರೆ ಒಂದೇ ಉಸಿರಿಗೆ ನನಗೆ ಆಗುವುದಿಲ್ಲ. ನನ್ನ ದಾರಿಯಲ್ಲಿ ಬರುತ್ತೇನೆ, ಸ್ವಲ್ಪ ತಾಳಿಕೋ.

ಈಗ ಏಪ್ರನ್ನುಗಳನ್ನು ಒಣಹಾಕುವ ಕೋಣೆಯಲ್ಲಿ ಬಕೆಟ್ ಬೋರಲು ಹಾಕಿಕೊಂಡು ಕೂತಿದ್ದೇನೆ. ಈ ವಾರವೆಲ್ಲ ಎದೆಯ ಆಪರೇಷನ್ನುಗಳೇ. ಒಂದು ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದು. ಕಾಲು ನನ್ನವೋ ಬೇರೆ ಯಾರದೋ ತಿಳಿಯುವುದಿಲ್ಲ. ನಾನು ಏನು ಕೆಲಸ ಮಾಡುತ್ತೇನೆ ಎಂದು ಯಾರಾದರೂ ಕೇಳಿದರೆ ನೀನು ‘ಆಸ್ಪತ್ರೆಯಲ್ಲಿ’ ಎಂದಷ್ಟೇ ಹೇಳುತ್ತೀಯ. ನಾನೂ ಬಿಡಿಸಿ ಹೇಳಿಲ್ಲ. ಇವತ್ತು ಹೇಳುತ್ತೇನೆ, ನಿನ್ನ ಪ್ರಶ್ನೆಗೂ ಅದು ಬೇಕು.

ಎದೆಯೊಳಗೆ ಒಂದು ಗಂಟು ಇದೆ ಎಂದಿಟ್ಟುಕೋ. ಫೋಟೋದಲ್ಲಿ ನೆರಳು ಕಾಣುತ್ತದೆ, ಅದು ಏನು ಎಂದು ಕಾಣುವುದಿಲ್ಲ. ಸರ್ಜನ್ನು ಎದೆ ತೆರೆದು ಅದರ ತುಂಡನ್ನು ತೆಗೆದು ಒಂದು ಸ್ಟೀಲ್ ತಟ್ಟೆಯಲ್ಲಿ ಹಾಕುತ್ತಾರೆ. ಅದರ ಮೇಲೆ ಹಸಿರು ಬಟ್ಟೆ ಮುಚ್ಚಿ ನನ್ನ ಕೈಗೆ ಕೊಡುತ್ತಾರೆ. ಆಪರೇಷನ್ ಥಿಯೇಟರಿನಿಂದ ಹೊರಗೆ ಬಂದು, ಓಣಿ ದಾಟಿ, ಆ ತುದಿಯ ಸಣ್ಣ ಕೋಣೆಗೆ ನಾನು ಅದನ್ನು ಒಯ್ಯಬೇಕು. ಅಲ್ಲಿ ಒಂದು ತಣ್ಣನೆಯ ಯಂತ್ರವಿದೆ. ತುಂಡು ಅದರೊಳಗೆ ಕಲ್ಲಿನ ಹಾಗೆ ಹೆಪ್ಪುಗಟ್ಟುತ್ತದೆ. ಟೆಕ್ನಿಷಿಯನ್ ಅಣ್ಣ ಚಕ್ರ ತಿರುಗಿಸಿದರೆ ಈರುಳ್ಳಿಯ ಒಳಸಿಪ್ಪೆಗಿಂತ ತೆಳ್ಳಗೆ ಒಂದು ಎಳೆ ಸುರುಳಿಯಾಗಿ ಬರುತ್ತದೆ. ಅದನ್ನು ಗಾಜಿಗೆ ಅಂಟಿಸಿ, ನೀಲಿ ಬಣ್ಣ, ಗುಲಾಬಿ ಬಣ್ಣದಲ್ಲಿ ಅದ್ದಿ ಡಾಕ್ಟರಮ್ಮನ ಮುಂದೆ ಇಡುತ್ತಾರೆ. ಅವರು ಸೂಕ್ಷ್ಮದರ್ಶಕದಲ್ಲಿ ನೋಡಿ ಗೋಡೆಯ ಫೋನಿನಲ್ಲಿ ಥಿಯೇಟರಿಗೆ ಹೇಳುತ್ತಾರೆ.

ಅಲ್ಲಿಯತನಕ ಎದೆ ತೆರೆದೇ ಇರುತ್ತದೆ ಅಕ್ಕ. ಸರ್ಜನ್ನು ಕೈಗಳನ್ನು ತಮ್ಮ ಎದೆಗೆ ಒತ್ತಿಕೊಂಡು ನಿಂತಿರುತ್ತಾರೆ. ಗಂಟು ಒಳ್ಳೆಯದು ಎಂದು ಉತ್ತರ ಬಂದರೆ ಹೊಲಿಯುತ್ತಾರೆ. ಕೆಟ್ಟದ್ದು ಎಂದು ಬಂದರೆ ಆ ಭಾಗವನ್ನೇ ತೆಗೆಯುತ್ತಾರೆ. ತೆಗೆದರೂ ಪ್ರಯೋಜನವಿಲ್ಲ ಎಂದು ಬಂದರೂ ಹೊಲಿಯುತ್ತಾರೆ. ಹೊರಗೆ ಕೂತವರಿಗೆ ಮೊದಲನೆಯ ಹೊಲಿಗೆಗೂ ಮೂರನೆಯ ಹೊಲಿಗೆಗೂ ವ್ಯತ್ಯಾಸ ತಿಳಿಯುವುದಿಲ್ಲ.

ಟೆಕ್ನಿಷಿಯನ್ ಅಣ್ಣ ಒಳ್ಳೆಯವನು. ‘ಒಳಗೆ ಕುಯ್ಯೋರು ದೊಡ್ಡೋರು, ನಾನು ಕುಯ್ದಿದ್ದನ್ನೇ ಕುಯ್ಯೋನು’ ಅನ್ನುತ್ತಾನೆ. ಆದರೆ ಶ್ವಾಸಕೋಶದ ತುಂಡು ಬಂದರೆ ಅವನೂ ಗೊಣಗುತ್ತಾನೆ. ಅದು ಸ್ಪಂಜಿನ ಹಾಗೆ, ಒಳಗೆಲ್ಲ ಗಾಳಿ. ಅಲಗಿಗೆ ಸಿಕ್ಕಿದರೆ ಚಿಂದಿಯಾಗುತ್ತದೆ. ಒಂದು ಎಳೆ ಸರಿಯಾಗಿ ಬರಬೇಕಾದರೆ ಅವನ ಹಣೆಯಲ್ಲಿ ಬೆವರು, ಆ ಚಳಿ ಯಂತ್ರದ ಮುಂದೆ!

ಈಗ ಓಣಿಯ ಮಾತು. ಥಿಯೇಟರಿಗೂ ಆ ಕೋಣೆಗೂ ನಡುವೆ ಒಂದು ಬೆಂಚಿದೆ, ರೋಗಿಗಳ ಮನೆಯವರು ಕೂರುವುದು ಅದರ ಮೇಲೆ. ಅದರ ಒಂದು ಕಾಲು ಗಿಡ್ಡ. ಯಾರು ಕದಲಿದರೂ ಟಕ್ ಎನ್ನುತ್ತದೆ. ನಾನು ಕೆಲಸಕ್ಕೆ ಸೇರಿದ ದಿನವೇ ಥಿಯೇಟರಿನ ದೊಡ್ಡ ನರ್ಸಮ್ಮ ನನ್ನ ಗದ್ದ ಹಿಡಿದು ಎತ್ತಿ ಹೇಳಿದ್ದರು: ‘ನೋಡಮ್ಮ, ಡಾಕ್ಟ್ರು ಹೊರಗೆ ಬರೋವರೆಗೆ ಇವರಿಗೆ ಓದೋಕೆ ಸಿಗೋದು ನಿನ್ನ ಮುಖ ಒಂದೇ. ತಟ್ಟೆ ಹಿಡಿದವಳ ಮುಖ ಗೋಡೆ ಥರ ಇರ್ಬೇಕು. ನಗಬಾರ್ದು, ಅಳಬಾರ್ದು, ಯಾರ ಕಡೇನೂ ನೋಡಬಾರ್ದು.’ ನನಗೆ ಅದೇನು ಕಷ್ಟ? ಹುಟ್ಟಿದಾಗಿನಿಂದ ಮಾಡಿಕೊಂಡು ಬಂದ ಕೆಲಸವೇ. ‘ನಿನ್ನನ್ನ ಇದಕ್ಕೇ ಅಂತ ಹೆತ್ತಿದಾರೆ’ ಎಂದು ನರ್ಸಮ್ಮ ಆಮೇಲೆ ಹೊಗಳಿದರು. ಹೊಗಳಿಕೆಯೋ ಬೈಗುಳವೋ ಗೊತ್ತಾಗಲಿಲ್ಲ.

ನಿನ್ನ ಆಪರೇಷನ್ನಿನ ದಿನ ಟೆಕ್ನಿಷಿಯನ್ ಅಣ್ಣ ಹೇಳಿದ, ‘ಇವತ್ತು ನೀನು ಬೇಡ ಕಣಮ್ಮ. ಹೋಗಿ ನಿಮ್ಮ ಭಾವನ ಜೊತೆ ಕೂತ್ಕೋ.’ ನಾನು ಒಪ್ಪಲಿಲ್ಲ. ಭಾವನ ಪಕ್ಕದಲ್ಲಿ ಅಷ್ಟು ಹೊತ್ತು ಕೂತರೆ ಏನು ಮಾತಾಡುವುದು ಎಂಬ ಭಯ ನನಗೆ. ತಟ್ಟೆ ಹಿಡಿಯುವುದೇ ಸುಲಭ ಎನಿಸಿತು.

ಅಕ್ಕ, ಅದು ಬಹಳ ಹಗುರವಿತ್ತು. ಬಟ್ಟೆಯ ಕೆಳಗೆ ಏನೂ ಇಲ್ಲವೇನೋ ಎಂದುಕೊಂಡೆ. ಆಮೇಲೆ ನೆನಪಾಯಿತು, ಗಾಳಿ ಇರುತ್ತದಲ್ಲ. ನೀನು ಮಲಗುವ ಮುಂಚೆ ಒಳಗೆ ಎಳೆದುಕೊಂಡ ಗಾಳಿ. ಆ ಗಾಳಿ ಚೆಲ್ಲಿಹೋಗದಿರಲಿ ಎನ್ನುವ ಹಾಗೆ ನಡೆದೆ. ಬೆಂಚು ಟಕ್ ಎಂದಿತು. ನಾನು ನೋಡಲಿಲ್ಲ.

ಡಾಕ್ಟರಮ್ಮ ತುಂಡನ್ನು ಬೆರಳಲ್ಲಿ ಒತ್ತಿ ನೋಡಿದರು, ಗಟ್ಟಿ ಇದ್ದ ಕಡೆ ಕೊಯ್ದು ಕೊಟ್ಟರು. ಯಂತ್ರ, ಚಕ್ರ, ಬಣ್ಣ, ಗಾಜು. ನಾನು ಸಿಂಕಿನ ಹತ್ತಿರ ನಿಂತು ತೊಳೆದ ಬಾಟಲಿಯನ್ನೇ ತೊಳೆಯುತ್ತಿದ್ದೆ. ಡಾಕ್ಟರಮ್ಮ ಗಾಜನ್ನು ಆ ಕಡೆ ಈ ಕಡೆ ಸರಿಸಿ ಬಹಳ ಹೊತ್ತು ನೋಡಿದರು. ಆಮೇಲೆ ಫೋನು ಎತ್ತಿ, ‘ಇದರಲ್ಲಿ ಕೆಟ್ಟದ್ದೇನೂ ಕಾಣ್ತಿಲ್ಲ, ಹಳೇ ಗಾಯದ ಕಲೆ ಥರ ಇದೆ’ ಎಂದರು. ಇನ್ನೂ ಏನೋ ಹೇಳುತ್ತಿದ್ದರು. ನಾನು ಅಷ್ಟಕ್ಕೇ ಖಾಲಿ ತಟ್ಟೆ ಎತ್ತಿಕೊಂಡು ಹೊರಗೆ ಬಂದಿದ್ದೆ.

ಭಾವ ತಲೆ ಎತ್ತಿದರು. ಆ ಮುಖವನ್ನು ನೀನು ನೋಡಿಲ್ಲ, ನೋಡುವುದೂ ಬೇಡ. ನಾನು ನಕ್ಕುಬಿಟ್ಟೆ ಅಕ್ಕ. ಹಲ್ಲೆಲ್ಲ ಕಾಣುವ ಹಾಗೆ. ಭಾವ ದಡಕ್ಕನೆ ಎದ್ದ ಏಟಿಗೆ ಬೆಂಚು ವಾಲಿ, ಆ ತುದಿಯಲ್ಲಿ ತೂಕಡಿಸುತ್ತಿದ್ದ ಒಬ್ಬ ತಾತ ಬೀಳುವುದರಲ್ಲಿದ್ದರು. ‘ಏನ್ರೀ ಇದು, ಏಳೋವಾಗ ಹೇಳಿ ಏಳ್ಬಾರ್ದಾ?’ ಎಂದು ಕೂಗಿದರು. ಭಾವ ಆ ತಾತನನ್ನೇ ತಬ್ಬಿಕೊಂಡರು. ಫೋನು ತೆಗೆದು ಒಬ್ಬೊಬ್ಬರಿಗೂ, ‘ನಮ್ಮ ಗುಮ್ಮಿ ನಕ್ಕಳು! ಅವಳು ಎಂದಾದ್ರೂ ನಗ್ತಾಳಾ? ನಕ್ಕಳು ಅಂದ್ರೆ ಮುಗೀತು’ ಎಂದು ಹೇಳಿದರು. ನರ್ಸಮ್ಮ ಬಾಗಿಲಲ್ಲಿ ನಿಂತು ನೋಡಿದರು. ಬೈಯಲಿಲ್ಲ. ‘ನಕ್ಕೆಯಾ?’ ಎಂದಷ್ಟೇ ಕೇಳಿ ಒಳಗೆ ಹೋದರು.

ಇದು ಆ ದಿನದ ಮಾತು. ನಾನು ಕಣ್ಣಾರೆ ಕಂಡದ್ದು, ಒಂದಕ್ಷರ ಸುಳ್ಳಿಲ್ಲ.

ಇನ್ನೇನು ಬರೆಯಲಿ? ನನ್ನ ಕೋಣೆಯ ಕಿಟಕಿಯ ಗಾಜು ಒಡೆದಿತ್ತು, ರಟ್ಟು ಹೊಡೆಸಿದೆ. ಜೊತೆಯವಳಿಗೆ ಮದುವೆ ಗೊತ್ತಾಗಿದೆ, ಅವಳು ಹೋದರೆ ಕೋಣೆಯಲ್ಲಿ ನಾನೊಬ್ಬಳೇ. ಈಚೆಗೆ ಊಟ ಮಾಡುವಾಗಲೇ ಕಣ್ಣು ಮುಚ್ಚುತ್ತದೆ. ಹಾಸಿಗೆಗೆ ಹೋದರೆ ತೆರೆದುಕೊಳ್ಳುತ್ತದೆ. ನೀನು ಭಾರ ಎತ್ತಬೇಡ. ಮಗುವಿಗೆ ನನ್ನ ಮುತ್ತು, ಚೆನ್ನಾಗಿ ಓದಲಿ, ನನ್ನ ಹಾಗೆ ಆಗದಿರಲಿ. ಭಾವನಿಗೆ ನಮಸ್ಕಾರ. ನೀನು ನೂರು ಕಾಲ ಬಾಳಬೇಕು, ನನಗೆ ನೀನೇ ತಾಯಿ.

ಇಂತಿ ನಿನ್ನ ತಂಗಿ,
ಗುಮ್ಮಿ

ವಿ.ಸೂ.: ಗುರುವಾರ ಬೆಳಿಗ್ಗೆ. ಪತ್ರವನ್ನು ಅಂಟಿಸಿರಲಿಲ್ಲ. ಓದಿ ನೋಡಿದೆ. ನೀನು ಕೇಳಿದ್ದನ್ನು ಬಿಟ್ಟು ಮಿಕ್ಕಿದ್ದೆಲ್ಲ ಇದೆ.

ಡಾಕ್ಟರಮ್ಮ ಫೋನಿನಲ್ಲಿ ಆಮೇಲೆ ಹೇಳಿದ್ದು, ‘ಮಿಕ್ಕಿದ್ದನ್ನ ನಿಧಾನದ್ದರಲ್ಲಿ ನೋಡ್ಬೇಕು’ ಎಂದು. ಅವಸರದಲ್ಲಿ ನೋಡುವುದು ತುಂಡಿನ ಒಂದೆರಡು ಎಳೆ ಮಾತ್ರ. ಉಳಿದದ್ದನ್ನು ಔಷಧಿಯಲ್ಲಿ ನೆನೆಸಿ, ಮೇಣದಲ್ಲಿ ಕೂರಿಸಿ, ದಿನಗಟ್ಟಲೆ ಕಾದು ನೋಡುತ್ತಾರೆ. ನಿನ್ನ ಹೊಲಿಗೆ ಬಿಚ್ಚಿಸಲು ಬಂದ ದಿನ ಆ ಉತ್ತರ ಬಂದಿತ್ತು. ಅದು ಬೇರೆ ಹೇಳಿತು. ಗಂಟಿನ ಇನ್ನೊಂದು ಮೂಲೆಯಲ್ಲಿ ಕ್ಯಾನ್ಸರ್ ಇದೆ ಅಕ್ಕ. ನೀನು ಹೊರಗೆ ಮಗುವಿಗೆ ಜಡೆ ಹಾಕುತ್ತಿದ್ದಾಗ ಒಳಗೆ ಭಾವನಿಗೆ ಹೇಳಿದರು. ಬೇಗ ಕರೆದುಕೊಂಡು ಬನ್ನಿ, ಮತ್ತೆ ತೆರೆದು ಆ ಭಾಗವನ್ನು ಪೂರ್ತಿ ತೆಗೆಯಬೇಕು ಎಂದರು. ಭಾವ ತಲೆಯಾಡಿಸಿ ಹೊರಗೆ ಬಂದರು, ಆಮೇಲೆ ಆಸ್ಪತ್ರೆಯ ಕಡೆ ಬರಲೇ ಇಲ್ಲ.

ನಾನು ಭಾವನಿಗೆ ಫೋನು ಮಾಡಿದ್ದೆ. ಎಷ್ಟು ಸಲ ಎಂದು ಕೇಳಬೇಡ. ಪ್ರತಿ ಸಲವೂ ಒಂದೇ ಮಾತು: ‘ನೀನು ನಕ್ಕಿದ್ದನ್ನ ನಾನು ಕಣ್ಣಾರೆ ನೋಡಿದೀನಿ ಗುಮ್ಮಿ. ಈಗ ಕಾಗದ ಬೇರೆ ಏನೋ ಹೇಳಿದ್ರೆ ನಾನ್ಯಾಕೆ ನಂಬ್ಲಿ? ಅವಳಿಗೆ ಹೇಳಿದ್ರೆ ನನ್ನ ಮೇಲೆ ಆಣೆ.’ ಅವರ ಮೇಲೆ ಸಿಟ್ಟಾಗಬೇಡ. ಪಾತ್ರೆ ತೊಳೆಯುವವರು ಅವರಲ್ಲ, ಅವರ ಭಯ. ಆಣೆ ಮುರಿದದ್ದು ನಾನು ಎಂದು ಹೇಳು. ಬೈಯಲಿ.

ಮೊನ್ನೆ ಡಾಕ್ಟರಮ್ಮನೇ ನನ್ನನ್ನು ನಿಲ್ಲಿಸಿ, ‘ನಿಮ್ಮಕ್ಕ ಯಾಕಮ್ಮ ಬಂದಿಲ್ಲ?’ ಎಂದು ಕೇಳಿದರು. ನನಗೆ ಧೈರ್ಯ ಎಲ್ಲಿಂದ ಬಂತೋ, ‘ಆ ದಿನ ಒಳ್ಳೇದು ಅಂದಿದ್ರಲ್ಲ ಮೇಡಂ’ ಎಂದುಬಿಟ್ಟೆ. ಅವರಿಗೆ ಕೋಪ ಬರಲಿಲ್ಲ. ‘ಬದನೆಕಾಯಿ ಒಂದು ಕಡೆ ಸೀಳಿ ನೋಡ್ತೀವಿ, ಹುಳ ಇನ್ನೊಂದು ಕಡೆ ಇರುತ್ತೆ. ಎದೆ ತೆರೆದಿಟ್ಟುಕೊಂಡು ಎಲ್ಲಾ ಕಡೆ ಸೀಳೋಕೆ ಹೊತ್ತಿರಲ್ಲಮ್ಮ. ಅದಕ್ಕೇ ನಿಧಾನದ್ದು ಇರೋದು. ಗಂಟು ಚಿಕ್ಕದು. ಈಗ ಬಂದ್ರೆ ಒಳ್ಳೇ ಹೊತ್ತಲ್ಲೇ ಬಂದ ಹಾಗೆ. ಬರೋಕೆ ಹೇಳು’ ಎಂದರು.

ನೀನು ಬದನೆಕಾಯಿಯನ್ನು ನಾಲ್ಕೂ ಕಡೆ ಸೀಳಿ ನೋಡದೆ ಒಲೆಗೆ ಹಾಕಿದವಳಲ್ಲ. ಅದಕ್ಕೇ ನನ್ನನ್ನು ಕೇಳಿದೆ. ಬಾ ಅಕ್ಕ. ಭಾವನನ್ನೂ ಕರೆದುಕೊಂಡು ಬಾ. ನಾನು ನಕ್ಕಿದ್ದು ಒಂದು ಎಳೆ ನೋಡಿ, ಪೂರ್ತಿ ತುಂಡು ನೋಡಿ ಅಲ್ಲ ಎಂದು ಅವರಿಗೆ ಹೇಳು. ನನ್ನ ಬಾಯಿಂದ ಅವರು ಕೇಳುವುದಿಲ್ಲ, ನಿನ್ನ ಬಾಯಿಂದ ಕೇಳುತ್ತಾರೆ.

ಇವತ್ತು ಬೆಳಿಗ್ಗೆ ಬಂದ ಕೂಡಲೇ ಟೆಕ್ನಿಷಿಯನ್ ಅಣ್ಣನಿಗೆ ಹೇಳಿದೆ, ‘ನಮ್ಮಕ್ಕ ಮತ್ತೆ ಆಪರೇಷನ್ನಿಗೆ ಬರೋ ದಿನ ತಟ್ಟೆ ಬೇರೆ ಯಾರಾದ್ರೂ ಹಿಡೀಲಿ ಅಣ್ಣ.’

‘ನೀನೆಲ್ಲಿರ್ತೀಯ?’

‘ಭಾವನ ಪಕ್ಕ.’

‘ಏನು ಮಾತಾಡ್ತೀಯ?’

‘ಗೊತ್ತಿಲ್ಲ’ ಎಂದೆ. ಆಮೇಲೆ ಓಣಿಗೆ ಹೋಗಿ ಬೆಂಚನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಕಿಟಕಿಗೆ ಹೊಡೆಸಿ ಉಳಿದ ರಟ್ಟಿನ ಚೂರು ಚೀಲದಲ್ಲಿತ್ತು. ಅದನ್ನು ಮಡಚಿ ಆ ಗಿಡ್ಡ ಕಾಲಿನ ಕೆಳಗೆ ಸಿಕ್ಕಿಸಿ, ಒಂದು ಸಲ ಕೂತು ನೋಡಿದೆ. ಬೆಂಚು ಕದಲಲಿಲ್ಲ.