ನಮ್ಮ ಬಸ್ ಜಗಳದ ಪ್ರಬಂಧ

ಪ್ರೀತಿಯ ಪಿಳ್ಳಪ್ಪಣ್ಣ,

ಬಿಸಿನೆಸ್ ಸ್ಕೂಲಿಗೆ ಅರ್ಜಿ ಹಾಕುತ್ತೇನೆಂದು ನಾನು ಮೊದಲು ಹೇಳಿದ್ದು ನಿಮಗೇ, ನೆನಪಿದೆಯೇ? ನಮ್ಮ ಗಾರ್ಮೆಂಟ್ಸ್ ಕ್ಯಾಂಟೀನಿನಲ್ಲಿ, ಊಟದ ಬಿಡುವಿನಲ್ಲಿ. ಅರ್ಜಿಯ ಜೊತೆ ಪ್ರಬಂಧಗಳನ್ನೂ ಬರೆದು ಕಳಿಸಬೇಕು, ಅದರಲ್ಲೊಂದು ‘ನಿಮ್ಮನ್ನು ಗಟ್ಟಿಯಾಗಿ ವಿರೋಧಿಸಿದ ಒಬ್ಬರ ಬಗ್ಗೆ’ ಅಂದೆ. ನೀವು ಮುದ್ದೆ ಮುರಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಿರಿ.

“ನನ್ ಬಗ್ಗೆನಾ ಮೇಡಮ್ಮ?”

“ಇನ್ಯಾರ ಬಗ್ಗೆ ಬರೀಲಿ? ಇಡೀ ಫ್ಯಾಕ್ಟರಿಯಲ್ಲಿ ನನಗೆ ‘ಆಗಲ್ಲ’ ಅನ್ನೋರು ನೀವೊಬ್ಬರೇ.”

“ಬರೀರಿ, ಬರೀರಿ. ಆದ್ರೆ ಪಿಳ್ಳಪ್ಪ ಸೋತ ಅಂತ ಮಾತ್ರ ಬರೀಬ್ಯಾಡಿ. ನಾನ್ ಸೋತಿಲ್ಲ.”

“ನಾನೂ ಸೋತಿಲ್ಲ” ಅಂದೆ. ನೀವು ನಕ್ಕು ಮತ್ತೆ ಊಟಕ್ಕೆ ಕೈ ಹಾಕಿದಿರಿ.

ಆ ಗೇಟಿನ ದಿನವನ್ನು ನಾವಿಬ್ಬರೂ ಹೇಗೆ ಮರೆಯಲು ಸಾಧ್ಯ? ಹಾವೇರಿ ಕಡೆಯಿಂದ ಬಂದ ಹೊಸ ಎಚ್.ಆರ್. ಅಧಿಕಾರಿ ನಾನು. ಇಸ್ತ್ರಿ ವಿಭಾಗದ ಹಳಬರು, ಕಾರ್ಮಿಕರ ಕಮಿಟಿಯ ಮುಖಂಡರು ನೀವು. ಸಂಜೆಯ ಬಸ್ಸು ಚಿನ್ನದ ಗಣಿಯ ಹಳೇ ಕಾಲೊನಿಗಳಾದ ಕೋರಮಂಡಲ್, ಚಾಂಪಿಯನ್ ರೀಫ್ಸ್ ಎಲ್ಲ ಸುತ್ತಿ ಬಂಗಾರಪೇಟೆ ಮುಟ್ಟುವಷ್ಟರಲ್ಲಿ ಹಳ್ಳಿಯ ಹುಡುಗಿಯರಿಗೆ ಊರಿನ ಕೊನೆಯ ಬಸ್ಸು ತಪ್ಪಿರುತ್ತಿತ್ತು. ನಾನು ಸುತ್ತು ತೆಗೆದು ಬಸ್ಸನ್ನು ನೇರ ಬಿಟ್ಟೆ. ಮರುದಿನ ಬೆಳಿಗ್ಗೆ ನೀವು ಚಾಂಪಿಯನ್ ರೀಫ್ಸಿನ ಹೆಂಗಸರನ್ನೆಲ್ಲ ಕಟ್ಟಿಕೊಂಡು ಗೇಟಿಗೆ ಅಡ್ಡ ಕೂತಿರಿ.

“ಮೈನ್ಸ್ ಮುಚ್ಚಿದ್ಮ್ಯಾಕೆ ಆ ರೋಡ್ನಾಗೆ ಸರ್‍ಯಾಗಿ ಒಂದು ಲೈಟಿಲ್ಲ. ಎಣ್ಮಕ್ಳು ಕತ್ತಲಾಗೆ ಎಂಗೆ ನಡ್ಕೊಂಡ್ ಓಗೋದು, ನೀವೇ ಏಳಿ?”

“ಹಳ್ಳಿ ಹುಡುಗಿಯರು ಬಂಗಾರಪೇಟೆ ಸ್ಟ್ಯಾಂಡಿನಲ್ಲಿ ಒಬ್ಬೊಬ್ಬರೇ ನಿಂತು ಕಾಯೋದು ಸರೀನಾ? ಅದನ್ನ ನೀವು ಹೇಳಿ!”

ಇಬ್ಬರ ಮಾತೂ ಸರಿಯಾಗಿತ್ತು. ಫಜೀತಿ ಇದ್ದದ್ದೇ ಅಲ್ಲಿ.

ಅವತ್ತು ಸಂಜೆ ಹಳೆಯ ದಾರಿಯಲ್ಲೇ ಬಸ್ಸು ಹೊರಡಿಸಿ, ನಿಮ್ಮನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾನೂ ಹೊರಟೆ. ನೀವು ಕಿಟಕಿಯಿಂದ ಕೈ ತೋರಿಸಿ, “ಅಗೋ, ನಮ್ಮಪ್ಪ ಮೈನ್ಸ್‌ಗೆ ಇಳೀತಿದ್ದ ಶಾಫ್ಟು” ಅಂದಿರಿ. ತಿರುಗಿ ನೋಡಿದಾಗ ಬಸ್ಸಿನ ಹಿಂದೆಯೇ ಅಧಿಕಾರಿಗಳ ವ್ಯಾನು ಬರುತ್ತಿತ್ತು, ದಿನಾ ನಾನು ಮನೆಗೆ ಹೋಗುವ ವ್ಯಾನು. ಅರ್ಧಕ್ಕರ್ಧ ಖಾಲಿ. ನೀವು ವ್ಯಾನನ್ನು ನೋಡಿದಿರಿ, ಆಮೇಲೆ ನನ್ನನ್ನು.

“ಏಳ್ಲಾ ಮೇಡಮ್ಮ, ಬ್ಯಾಡ್ವಾ?”

“ಹೇಳಬೇಡಿ. ನನಗೂ ಕಾಣಿಸ್ತು.”

ಬಸ್ಸು ನೇರ ಬಂಗಾರಪೇಟೆಗೆ ಹೋಗಲಿ, ಚಾಂಪಿಯನ್ ರೀಫ್ಸ್ ಕಡೆಯವರಿಗೆ ವ್ಯಾನು ಬಿಟ್ಟುಕೊಡಿ, ನಾವು ಅಧಿಕಾರಿಗಳು ಬಸ್ಸಿನಲ್ಲೇ ಹೋಗುತ್ತೇವೆ ಎಂದು ಮ್ಯಾನೇಜರ್ ಹತ್ತಿರ ನಾನು ಗುದ್ದಾಡಿದೆ. ವ್ಯಾನು ಚಿಕ್ಕದು, ಎರಡು ಟ್ರಿಪ್ ಹೊಡೆಯುತ್ತದೆ, ಅಲ್ಲಿಯವರೆಗೂ ಕಾಯಬೇಕು ಎಂದು ನಿಮ್ಮವರನ್ನು ನೀವು ಒಪ್ಪಿಸಿದಿರಿ. ಯಾವುದು ಹೆಚ್ಚು ಕಷ್ಟದ ಕೆಲಸವಾಗಿತ್ತೋ...

ಬೆಂಗಳೂರಿನಲ್ಲಿ ಪ್ರಬಂಧ ತಿದ್ದಿಕೊಡುವವರೊಬ್ಬರಿಗೆ ಮೊದಲ ಕರಡು ಕಳಿಸಿದ್ದನ್ನು ನಿಮಗೆ ಹೇಳಿರಲಿಲ್ಲ. ವಾಪಸ್ ಬಂದದ್ದನ್ನು ಓದಿ ಮೊದಲು ನಗು ಬಂತು, ಆಮೇಲೆ ಸಿಟ್ಟು. ಅದರಲ್ಲಿ ನೀವು ಏನೂ ತಿಳಿಯದ ಹಟಮಾರಿ, ನಾನು ನಿಮಗೆ ಬುದ್ಧಿ ಕಲಿಸಿದ ನಾಯಕಿ! ಫೋನ್ ಮಾಡಿದರೆ, “ಆಯ್ಕೆ ಮಾಡೋರಿಗೆ ಇಂಥದ್ದೇ ಬೇಕು ಮೇಡಂ” ಅಂದರು. ನಿಮ್ಮನ್ನು ಕುಳ್ಳಗೆ ಮಾಡಿದರೆ ನಾನು ಎತ್ತರ ಕಾಣುತ್ತೇನೆಯೇ? ಅದನ್ನು ಪಕ್ಕಕ್ಕಿಟ್ಟು, ನಡೆದದ್ದನ್ನು ನಡೆದ ಹಾಗೆ ಬರೆದೆ.

ಇಂಗ್ಲಿಷಿನ ಆ ಪ್ರಬಂಧವನ್ನು ಕನ್ನಡದಲ್ಲಿ ಹೇಳುತ್ತಾ ನಿಮಗೆ ಓದಿದ ಮಧ್ಯಾಹ್ನ ಅರ್ಧ ಇಸ್ತ್ರಿ ವಿಭಾಗವೇ ಸುತ್ತ ನಿಂತಿತ್ತು. “ಸುಮ್ನಿರ್ರೋ, ಕೇಳಿಸ್ಕಳಾನ” ಎಂದು ಅವರನ್ನು ಗದರಿಸಿದಿರಿ. ಕೊನೆಗೆ ನಿಮ್ಮದು ಒಂದೇ ತಕರಾರು. “ಗೇಟ್ ತಾವ ನಾನ್ ಕೂಗಾಡ್ದೆ ಅಂತ ಬರ್ದಿದೀರಲ್ಲ, ನೀವೇನ್ ಕಮ್ಮಿ ಕೂಗಿದ್ರಾ? ಅದೂ ಆಕಿ.” ಹಾಕಿದೆ. ಹಾಕಿದ ಮೇಲೆ ಪ್ರಬಂಧಕ್ಕೆ ಜೀವ ಬಂತು.

ಸಂದರ್ಶನಕ್ಕೆ ಕರೆ ಬಂದ ದಿನ ಓಡಿಕೊಂಡು ಇಸ್ತ್ರಿ ವಿಭಾಗಕ್ಕೆ ಬಂದೆ. ನೀವಿರಲಿಲ್ಲ. ಎದೆನೋವು ಅಂತ ಆಸ್ಪತ್ರೆಗೆ ಕರೆದೊಯ್ದಿದ್ದಾರೆ ಅಂದರು. ಸಂಜೆಯ ಹೊತ್ತಿಗೆ ನೀವು ಹೋಗಿಬಿಟ್ಟಿರಿ. ನಿಮ್ಮ ಮನೆಯಲ್ಲಿ ನಿಮ್ಮ ಹೆಂಡತಿ ಲಕ್ಷ್ಮಮ್ಮ ನನ್ನ ಕೈ ಹಿಡಿದುಕೊಂಡು, “ನಿಮ್ ಜತೆ ಜಗಳ ಆಡಿದ್ ದಿನ ಒಂದ್ ಮುದ್ದೆ ಜಾಸ್ತಿ ಉಣ್ತಿದ್ರು ಮೇಡಂ” ಅಂದರು. ಅಳುತ್ತಿದ್ದವಳು ನಕ್ಕುಬಿಟ್ಟೆ. ಆಕೆಯೂ ನಕ್ಕರು. ಆ ಮನೆಯಲ್ಲಿ, ಅಂಥ ಹೊತ್ತಿನಲ್ಲಿ!

ಸಂದರ್ಶನದಲ್ಲಿ ಹಿರಿಯರೊಬ್ಬರು ನನ್ನ ಪ್ರಬಂಧ ಕೈಯಲ್ಲಿ ಹಿಡಿದು ಕೇಳಿದರು: “ಪಿಳ್ಳಪ್ಪ ಇಲ್ಲಿ ಕೂತಿದ್ದರೆ ನಿಮ್ಮ ಬಗ್ಗೆ ಏನು ಹೇಳ್ತಿದ್ದರು?” ನಾನು ಹೇಳಿದೆ: “ನಾನು ಈವರೆಗೆ ಕೊಟ್ಟ ಉತ್ತರಗಳಲ್ಲಿ ಅರ್ಧ ಒಪ್ಪುತ್ತಿರಲಿಲ್ಲ ಸರ್. ಉಳಿದರ್ಧಕ್ಕೆ ಎಲ್ಲರಿಗಿಂತ ಮೊದಲು ಕೈ ಎತ್ತುತ್ತಿದ್ದರು.” ಅವರು ಪ್ರಬಂಧವನ್ನು ಮೇಜಿನ ಮೇಲಿಟ್ಟು, ಮುಂದೆ ಏನು ಮಾಡಬೇಕೆಂದಿದ್ದೀರಿ ಎಂದು ಕೇಳಿದರು. ಆಗಲೇ ನನಗೆ ಗೊತ್ತಾಯಿತು, ಸೀಟು ನನ್ನದು ಎಂದು. ಪತ್ರ ಬಂದಿದೆ ಪಿಳ್ಳಪ್ಪಣ್ಣ. ಜೂನ್‌ನಲ್ಲಿ ಹೊರಡುತ್ತೇನೆ.

ಇನ್ನೊಂದು ಸುದ್ದಿ. ನಿಮ್ಮ ಜಾಗಕ್ಕೆ ಕಮಿಟಿಗೆ ಆರಿಸಿ ಬಂದಿರುವುದು ಹೊಲಿಗೆ ವಿಭಾಗದ ರಾಣಿ. ಕೋರಮಂಡಲ್‌ನವಳು, ಯಾರೆದುರೂ ಬಾಯಿ ಬಿಡದವಳು. ನಿನ್ನೆ ಮೊದಲ ಸಭೆ. ಶಿಫ್ಟ್ ಸಮಯ ಬದಲಿಸುವ ನನ್ನ ಯೋಜನೆಯನ್ನು ನಾನು ಪೂರ್ತಿ ವಿವರಿಸಿ ಮುಗಿಸುವ ಮೊದಲೇ ಎದ್ದು ನಿಂತಳು. ಧ್ವನಿ ಗಟ್ಟಿಯಾಗಿಯೇ ಇತ್ತು.

“ಇದು ಆಗಲ್ಲ ಮೇಡಂ. ಯಾಕೆ ಅಂತ ಏಳ್ತೀನಿ, ಕೇಳಿ.”

ಕೂತು ಕೇಳಿದೆ.

ನಿಮ್ಮ,
ಶೈಲಜಾ ಮೇಡಮ್ಮ