ಹನ್ನೊಂದು ಗಂಟೆಗೆ ಎದ್ದು ನಿಂತೆ

ಅಕ್ಕಾ,

ಇದನ್ನು ನಿನಗೆ ಕಳಿಸುವ ಧೈರ್ಯ ನನಗಿಲ್ಲ, ಆದರೂ ಬರೆಯುತ್ತಿದ್ದೇನೆ. ಹೋದ ತಿಂಗಳು ನನ್ನ ಬಲಭುಜ ಹಿಡಿದುಕೊಂಡು, ತಲೆ ಬಾಚಲೂ ಕೈ ಮೇಲೇಳದಂತಾಯಿತು. ಫಿಸಿಯೋಥೆರಪಿಯವರು ಕಲಿಸಿದ್ದೇನು ಗೊತ್ತೇ? ಗಂಟೆಗೊಮ್ಮೆ ಹೊಲಿಗೆ ಮಿಷನ್ ಬಿಟ್ಟೆದ್ದು, ಉಸಿರನ್ನು ಗಮನಿಸುತ್ತ ನಿಧಾನವಾಗಿ ಭುಜ, ಕತ್ತು ತಿರುಗಿಸುವುದು. ಗಾರ್ಮೆಂಟ್ಸ್‌ನಲ್ಲಿ ನನ್ನ ಪಕ್ಕದ ಮಿಷನ್ ಬಿಟ್ಟೆದ್ದು ನೀನು ಮಾಡುತ್ತಿದ್ದುದೇ! ಅದಕ್ಕಾಗಿಯೇ ಸೂಪರ್‌ವೈಸರ್ ನಿನ್ನನ್ನು ‘ನಾಟ್ಯರಾಣಿ’ ಎಂದು ಹೀಯಾಳಿಸಿ ಕೆಲಸದಿಂದ ತೆಗೆದ ದಿನ, ಎಲ್ಲರ ಜೊತೆ ನಾನೂ ನಕ್ಕಿದ್ದೆ.

ಇವತ್ತು ಹನ್ನೊಂದು ಗಂಟೆಗೆ ನಾನು ಎದ್ದು ನಿಂತೆ. ನಿನ್ನ ಹಾಗೆಯೇ ಭುಜ ತಿರುಗಿಸತೊಡಗಿದೆ.

“ಏನಮ್ಮಾ, ನೀನೂ ಶುರು ಮಾಡ್ಕೊಂಡ್ಯಾ?” ಎಂದರು ಸೂಪರ್‌ವೈಸರ್.

“ಎರಡೇ ನಿಮಿಷ ಸಾರ್. ಕೈ ಬಿದ್ದೋದ್ರೆ ಹೊಲಿಯೋದು ಯಾರು?” ಎಂದೆ.

ಅವರು ಗೊಣಗುತ್ತ ಹೋದರು. ಹೊಸದಾಗಿ ಸೇರಿದ, ಕಾಲರ್ ಹೊಲಿಯುವಾಕೆ ಸೊಂಟ ಹಿಡಿದುಕೊಂಡು ಎದ್ದಳು. ಅವಳ ಹಿಂದೆಯೇ ಹಳಬರು ನಾಲ್ವರು. ಎಲ್ಲರೂ ಕೈ ಮೇಲೆತ್ತಿ ಉಸಿರು ಬಿಟ್ಟಾಗ ಯಾರೋ, “ಅಬ್ಬಾ, ಜೀವ ಬಂದ ಹಾಗಾಯ್ತು” ಎಂದರು.

“ಇದನ್ನೆಲ್ಲ ಯಾರು ಹೇಳ್ಕೊಟ್ರು?” ಹೊಸಬಳು ಕೇಳಿದಳು.

“ನಮ್ಮಕ್ಕ” ಎಂದೆ.

“ಈಗ ಎಲ್ಲಿದ್ದಾರೆ ಅವರು?”

ಅವತ್ತು ನಿನ್ನನ್ನು ನೋಡಿ ನಕ್ಕಿದ್ದ ಹಳಬರೆಲ್ಲ ತಲೆ ತಗ್ಗಿಸಿದರು. ನಾನು ಕೂತು, ಸೂಜಿಗೆ ದಾರ ಪೋಣಿಸತೊಡಗಿದೆ.